ಬರೆಯದೆ ಬಿಟ್ಟ ಎರಡು ಕರೆ

ನಮ್ಮ ಆಲ್ಡೆಸೀಲ್ ಊರಿನಲ್ಲಿ ಯಾರಿಗೆ ಹುಷಾರು ತಪ್ಪಿದರೂ ಮೊದಲು ಗೊತ್ತಾಗುತ್ತಿದ್ದದ್ದು ಡಾಕ್ಟರಿಗಲ್ಲ, ಹಿಲ್ಚೆಗೆ. ಮೂವತ್ತೊಂದು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕ್ಲಿನಿಕ್ಕಿನ ಫೋನ್ ಎತ್ತುತ್ತಿದ್ದವಳು ಅವಳೇ. ಅಷ್ಟರಲ್ಲಿ ಡಾಕ್ಟರುಗಳು ಮೂವರು ಬಂದು ಹೋದರು, ಫೋನುಗಳು ನಾಲ್ಕು ಬದಲಾದವು, ಹಿಲ್ಚೆ ಮಾತ್ರ ಅದೇ ಕುರ್ಚಿಯಲ್ಲಿ ಕೂತಿದ್ದಳು. ನಮ್ಮಲ್ಲಿ ಡಾಕ್ಟರ ಬಾಗಿಲಿಗೆ ನೇರವಾಗಿ ನುಗ್ಗುವ ಹಾಗಿಲ್ಲ. ಮೊದಲು ಫೋನ್ ಮಾಡಿ ಏನಾಗಿದೆ ಎಂದು ಸಹಾಯಕಿಗೆ ಹೇಳಬೇಕು. ಇವತ್ತೇ ಬರಬೇಕಾದವರು ಯಾರು, ಮುಂದಿನ ವಾರ ಬಂದರೂ ಆಗುವವರು ಯಾರು, ಎರಡು ಪ್ಯಾರಾಸಿಟಮಾಲ್ ನುಂಗಿ ಮನೆಯಲ್ಲೇ ಬಿದ್ದುಕೊಳ್ಳಬೇಕಾದವರು ಯಾರು ಎಂದು ಅವಳು ತೀರ್ಮಾನಿಸುತ್ತಾಳೆ. ಹಿಲ್ಚೆಯನ್ನು ದಾಟದೆ ಡಾಕ್ಟರನ್ನು ಕಂಡವರು ಊರಲ್ಲಿಲ್ಲ.

ಅವಳಿಗೆ ಅದರ ಜಂಬವೂ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. "ದನಿ ಕೇಳಿದ್ರೆ ಸಾಕು ಕಣ್ರೀ, ಯಾರಿಗೆ ನಿಜವಾಗ್ಲೂ ಕಾಯಿಲೆ, ಯಾರಿಗೆ ಮನೇಲಿ ಕೂತು ಬೇಜಾರು, ಎಲ್ಲಾ ಗೊತ್ತಾಗಿಬಿಡುತ್ತೆ" ಎಂದು ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತು ಹೇಳುತ್ತಿದ್ದಳು. ಒಮ್ಮೆ ಶಾಲೆಯ ಟೀಚರೊಬ್ಬರು ಅಜೀರ್ಣ ಎಂದು ಫೋನ್ ಮಾಡಿದಾಗ, ಅವರ ಮಾತು ಮುಗಿಯಲೂ ಬಿಡದೆ ಇವಳು ಆಂಬುಲೆನ್ಸ್ ಕಳಿಸಿದ್ದಳು. ನೋಡಿದರೆ ಹೃದಯಾಘಾತ. ಜೀವ ಉಳಿಯಿತು. ಆ ಕತೆಯನ್ನು ಊರು ಹತ್ತು ವರ್ಷ ಹೇಳಿತು, ಹಿಲ್ಚೆ ಹತ್ತು ವರ್ಷ ಕಿವಿ ನಿಮಿರಿಸಿಕೊಂಡು ಕೇಳಿದಳು. ಹೊಗಳಿಕೆ ಯಾರಿಗೆ ಬೇಡ ಹೇಳಿ!

ಹಿಲ್ಚೆಯ ಪಕ್ಕದ ಮನೆ ರಿಂಡರ್ಟನದು. ಸೇತುವೆ ಕಾಯುವವನು. ಕಾಲುವೆಯಲ್ಲಿ ದೋಣಿ ಬಂದರೆ ಕಬ್ಬಿಣದ ಹಿಡಿ ತಿರುಗಿಸಿ ಸೇತುವೆ ಎತ್ತುವುದು, ದೋಣಿ ದಾಟಿದ ಮೇಲೆ ಇಳಿಸುವುದು. ಮೂವತ್ತೆಂಟು ವರ್ಷ ಅದೇ ಕೆಲಸ. ಅವನೂ ಹಿಲ್ಚೆಯೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನ ಹೆಂಡತಿ ಡ್ಯೂಕೆ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಿಲ್ಚೆಯ ಅಡುಗೆಮನೆಯಲ್ಲಿ ಕಾಫಿ ಕುಡಿಯುವವಳು. ಡ್ಯೂಕೆಯದು ದೊಡ್ಡ ಬಾಯಿ. ರಿಂಡರ್ಟನಿಗೆ ಬಾಯಿಯೇ ಇಲ್ಲ.

ದೇಶದ ಉತ್ತರ ತುದಿಯ ನಮ್ಮ ಫ್ರೀಸ್‌ಲ್ಯಾಂಡಿನ ಜನವೇ ಹಾಗೆ. ಮಗಳ ಮದುವೆ ಹೇಗಾಯಿತು ಅಂದರೆ "ಪರವಾಗಿಲ್ಲ". ಹಸು ಹಾಲು ಚೆನ್ನಾಗಿ ಕೊಡುತ್ತಿದೆಯಾ ಅಂದರೆ "ಪರವಾಗಿಲ್ಲ". ಕಾಲು ಮುರಿದುಕೊಂಡು ಮಂಚದ ಮೇಲಿದ್ದರೂ ಅದೇ ಮಾತು. ಅದರಲ್ಲೂ ರಿಂಡರ್ಟ್ ಇನ್ನೂ ಒಂದು ಕೈ ಮೇಲು. ಒಮ್ಮೆ ಸೇತುವೆಯ ಹಲ್ಲುಚಕ್ರದಲ್ಲಿ ಬೆರಳು ಸಿಕ್ಕಿ ಜಜ್ಜಿಹೋದಾಗ, ಕರ್ಚೀಫು ಸುತ್ತಿಕೊಂಡು, ಕಾಯುತ್ತಿದ್ದ ಮೂರು ದೋಣಿಗಳನ್ನು ದಾಟಿಸಿ, ಆಮೇಲೆ ಸೈಕಲ್ ಹತ್ತಿ ಹೊಲಿಗೆ ಹಾಕಿಸಿಕೊಳ್ಳಲು ಬಂದಿದ್ದ. ಡಾಕ್ಟರ ಹೊತ್ತು ಹಾಳು ಮಾಡುವುದು ಎಂದರೆ ನಮ್ಮ ಗಂಡಸರಿಗೆ ಪಕ್ಕದ ಮನೆಯ ಸಕ್ಕರೆ ಕದ್ದಷ್ಟು ನಾಚಿಕೆ.

ಅಂಥ ರಿಂಡರ್ಟ್ ಸೆಪ್ಟೆಂಬರಿನಲ್ಲಿ ಫೋನ್ ಮಾಡಿದ. ಬಲಗಡೆ ಹೆಗಲು ನೋವು. ಹಿಲ್ಚೆ ಮರುದಿನಕ್ಕೇ ಸಮಯ ಕೊಟ್ಟಳು. ಡಾಕ್ಟರ್ ಫೆರ್‌ಹೂಫನ್ ಕೈ ಎತ್ತಿಸಿ, ಇಳಿಸಿ, ಒತ್ತಿ ನೋಡಿದರು. ಮೂವತ್ತೆಂಟು ವರ್ಷ ಹಿಡಿ ತಿರುಗಿಸಿದ ಹೆಗಲು ಸವೆಯದೆ ಇನ್ನೇನಾಗುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು, ವ್ಯಾಯಾಮ ಹೇಳಿದರು. ಅದೆಲ್ಲ ಫೈಲಿನಲ್ಲಿದೆ.

ಫೈಲಿನಲ್ಲಿ ಇಲ್ಲದ್ದು ಮುಂದಿನದು.

ಅಕ್ಟೋಬರಿನಲ್ಲಿ ಅವನು ಮತ್ತೆ ಫೋನ್ ಮಾಡಿದ. ಎಂಟು ಗಂಟೆ ಒಂದು ನಿಮಿಷ.

"ನಾನು ಕಣೇ, ರಿಂಡರ್ಟ್. ಆ ಹೆಗಲು ಹಂಗೇ ಇದೆ."

"ಜಾಸ್ತಿ ಆಗಿದ್ಯಾ?"

"ಪರವಾಗಿಲ್ಲ. ರಾತ್ರಿ ಸ್ವಲ್ಪ ನಿದ್ದೆ ಬರಲ್ಲ, ಅಷ್ಟೇ."

"ಮಾತ್ರೆ ಸರಿಯಾಗಿ ತಗೋತಿದ್ದೀಯ? ಇಲ್ಲ ತಾನೇ? ನಂಗೊತ್ತು ನಿನ್ನ ಬುದ್ಧಿ. ದಿನಕ್ಕೆ ನಾಲ್ಕು ಸಲ ತಗೋ, ಇನ್ನೆರಡು ವಾರ ನೋಡು."

"ಆಯ್ತು. ನಿನ್ನ ಕೆಲಸ ಕೆಡಿಸಿದೆ."

ಆ ಕರೆಯನ್ನು ಹಿಲ್ಚೆ ಬರೆದಿಡಲಿಲ್ಲ. ಬೇಲಿಯಾಚೆಯವನು ಬೇಲಿಯ ಮೇಲೆ ಒರಗಿ ಆಡಿದ ಮಾತಿನ ಹಾಗಿತ್ತು. ಅದನ್ನೇನು ಬರೆಯುವುದು?

ನವೆಂಬರಿನಲ್ಲಿ ಇನ್ನೊಂದು ಸಲ ಮಾಡಿದ. ಅವತ್ತು ಫ್ಲೂ ಜ್ವರದ ಚುಚ್ಚುಮದ್ದಿನ ದಿನ, ಬಾಗಿಲ ತನಕ ಮುದುಕರ ಸಾಲು, ಎರಡೂ ಫೋನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

"ಬೆರಳು ಒಂಚೂರು ಜೋಮು ಹಿಡಿದ ಹಾಗೆ ಇರುತ್ತೆ. ಕಿರುಬೆರಳು, ಅದರ ಪಕ್ಕದ್ದು" ಎಂದ. ಸಾಲಿನ ಗದ್ದಲ ಅವನ ಕಿವಿಗೂ ಬಿದ್ದಿರಬೇಕು. "ಜನ ಇದ್ದಾರಾ? ಹಂಗಾದ್ರೆ ಬಿಡು."

"ಇದ್ದಾರೋ ಮಾರಾಯ, ಸಂತೆ ನೆರೆದಿದೆ. ನಾಳೆ ಮಾಡ್ತೀಯಾ?"

"ಸರಿ ಬಿಡು."

ಮರುದಿನ ಅವನು ಮಾಡಲಿಲ್ಲ. ಹಿಲ್ಚೆಗೂ ನೆನಪಾಗಲಿಲ್ಲ. ಡಿಸೆಂಬರಿನಲ್ಲಿ ಅವಳ ಹುಟ್ಟುಹಬ್ಬಕ್ಕೆ ಎಲ್ಲರೂ ನಡುಮನೆಯಲ್ಲಿ ದುಂಡಗೆ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಅವನ ಬಲಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದದ್ದು ಅವಳ ಕಣ್ಣಿಗೇ ಬಿತ್ತು. ಕೇಕ್ ಕೊಡುತ್ತಾ, "ಏನಪ್ಪಾ, ಕಾಫಿ ಕುಡಿಯೋಕೆ ಮುಂಚೇನೇ ಒಂದು ಕಣ್ಣು ಮಲಗಿಬಿಡ್ತಾ?" ಎಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕರು, ರಿಂಡರ್ಟನೂ ನಕ್ಕ. ಮೂವತ್ತೊಂದು ವರ್ಷ ಡಾಕ್ಟರ ಪಕ್ಕದಲ್ಲಿ ಕೂತವಳು! ಮುಂದೆ ಆ ತಮಾಷೆ ನೆನಪಾದಾಗಲೆಲ್ಲ ಅವಳಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಜನವರಿಯ ಮಧ್ಯದಲ್ಲಿ ಸೇತುವೆಯ ಹಿಡಿ ರಿಂಡರ್ಟನ ಕೈಯಿಂದ ಜಾರಿತು. ಬೆರಳುಗಳಲ್ಲಿ ಬಲವೇ ಇರಲಿಲ್ಲ. ಡ್ಯೂಕೆ ಯಾರನ್ನೂ ಕೇಳದೆ ಕಾರಿನಲ್ಲಿ ಕೂರಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಹೋದಳು. ನಾಲ್ಕು ದಿನದ ಮೇಲೆ ಅಲ್ಲಿನ ಕಾಗದ ಕ್ಲಿನಿಕ್ಕಿಗೆ ಬಂತು. ಕಾಗದ ತೆರೆಯುವ ಕೆಲಸವೂ ಹಿಲ್ಚೆಯದೇ. ಹೆಗಲು ಸವೆದಿರಲಿಲ್ಲ. ಶ್ವಾಸಕೋಶದ ಮೇಲ್ತುದಿಯಲ್ಲಿ ಕ್ಯಾನ್ಸರ್ ಗಂಟು ಬೆಳೆದು ಕೈಯ ನರಗಳನ್ನು ಹಿಡಿದುಕೊಂಡಿತ್ತು. ಹೆಗಲು ನೋವು, ಕಿರುಬೆರಳ ಜೋಮು, ಜೋತ ರೆಪ್ಪೆ, ಮೂರೂ ಅದರದೇ. ಬೆನ್ನುಮೂಳೆಗೂ ತಗುಲಿದ್ದರಿಂದ ಆಪರೇಷನ್ ಆಗುವ ಹಂತ ದಾಟಿದೆ ಎಂದು ಬರೆದಿದ್ದರು. ಫೋನು ಬಡಿದುಕೊಳ್ಳುತ್ತಲೇ ಇತ್ತು, ಹಿಲ್ಚೆ ಎತ್ತಲಿಲ್ಲ.

ಮುಂದಿನ ವಾರ ಡ್ಯೂಕೆ ಕ್ಲಿನಿಕ್ಕಿಗೆ ಬಂದಳು. ಗೆಳತಿಯಾಗಿ ಬಂದಿರಲಿಲ್ಲ. ಕೋಟಿನ ಗುಂಡಿಯನ್ನೂ ಬಿಚ್ಚದೆ ಹಿಲ್ಚೆಯ ಮೇಜಿನ ಕಿಟಕಿಯ ಮುಂದೆ ನಿಂತಳು.

"ಅವನ ಫೈಲ್ ಬೇಕು. ಪೂರ್ತಿ. ಯಾವತ್ತು ಬಂದ, ಯಾವತ್ತು ಫೋನ್ ಮಾಡಿದ, ಯಾರು ಏನು ಹೇಳಿದ್ರು, ಎಲ್ಲಾ. ಕೇಳಿದ್ರೆ ಕೊಡಲೇಬೇಕು ಅಂತ ಆಸ್ಪತ್ರೇಲಿ ಹೇಳಿದ್ರು. ಇಗೋ ಅವನ ಸಹಿ."

"ಕೊಡ್ತೀನಿ ಡ್ಯೂಕೆ, ಕೊಡಬೇಕು" ಎಂದು ಹಿಲ್ಚೆ ಪ್ರಿಂಟ್ ತೆಗೆದಳು. ಆರೇ ಹಾಳೆ. ಡ್ಯೂಕೆ ಅಲ್ಲೇ ನಿಂತು ಓದಿದಳು.

"ಸೆಪ್ಟೆಂಬರ್ ಒಂದೇ ಇದೆ."

ಅಷ್ಟರಲ್ಲಿ ಡಾಕ್ಟರ್ ಫೆರ್‌ಹೂಫನ್ ಹೊರಗೆ ಬಂದರು. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರಿತ್ತು. "ನಾನು ತಪ್ಪಾಗಿ ಅಂದಾಜು ಮಾಡಿದೆ, ಅದನ್ನ ಮುಚ್ಚಿಡಲ್ಲ. ಆದ್ರೆ ಅವರು ಇನ್ನೊಂದ್ಸಲ ಬಂದಿದ್ರೆ, ಫೋನಾದ್ರೂ ಮಾಡಿದ್ರೆ, ಖಂಡಿತ ಎಕ್ಸ್-ರೇಗೆ ಕಳಿಸ್ತಿದ್ದೆ" ಎಂದರು. ಡ್ಯೂಕೆ ಹಿಲ್ಚೆಯ ಕಡೆ ನೋಡಿದಳು. ಆಗ ಹೇಳಿಬಿಡಬಹುದಿತ್ತು. ಹಿಲ್ಚೆ ಹಾಳೆಗಳಿಗೆ ಪಿನ್ ಹೊಡೆದು ಕೊಟ್ಟಳು.

ಆ ಪಿನ್ ಹೊಡೆದದ್ದೇ ದೊಡ್ಡ ಪಾಪ. ಫೋನಿನಲ್ಲಿ ಆದದ್ದು ಗಡಿಬಿಡಿಯಲ್ಲಿ ಆದ ತಪ್ಪು ಎಂದಾದರೂ ಹೇಳಬಹುದು. ಇದಕ್ಕೆ ಏನೆನ್ನುವುದು?

ಭಾನುವಾರ ಹಿಲ್ಚೆ ಬಟಾಣಿ ಸೂಪಿನ ಪಾತ್ರೆ ಹಿಡಿದು ಪಕ್ಕದ ಮನೆಗೆ ಹೋದಳು. ರಿಂಡರ್ಟನ ಮಂಚವನ್ನು ಕಾಲುವೆ ಕಾಣುವಂತೆ ನಡುಮನೆಯ ಕಿಟಕಿಗೆ ತಂದು ಹಾಕಿದ್ದರು. ಅಡುಗೆಮನೆಗೆ ಕಾಲಿಡುವ ಮೊದಲೇ ಡ್ಯೂಕೆಯ ದನಿ ಕೇಳಿಸಿತು.

"ಫೋನ್ ಮಾಡಿದೆ, ಫೋನ್ ಮಾಡಿದೆ ಅಂತ ನನ್ನ ಮುಂದೆ ಎರಡು ಸಲ ಹೇಳಿದ್ಯಲ್ಲೋ! ನಂಬಿ ಸುಮ್ಮನಿದ್ದೆ ನಾನು. ನನ್ನ ಬಾಯಿ ಮುಚ್ಚಿಸೋಕೆ ಸುಳ್ಳು ಹೇಳಿದ್ಯಾ? ನಿಜ ಹೇಳಿದ್ರೆ ನಾನೇ ಎಳ್ಕೊಂಡು ಹೋಗ್ತಿದ್ದೆ. ಹೆಗಲ ಮೇಲೆ ಹೊತ್ಕೊಂಡು ಹೋಗ್ತಿದ್ದೆ!"

"ಮರೆತಿರಬೇಕು ಕಣೇ" ಎಂದ ರಿಂಡರ್ಟ್.

ಅಷ್ಟು ಹೇಳಿ ತಿರುಗಿದಾಗ ಬಾಗಿಲಲ್ಲಿ ಸೂಪಿನ ಪಾತ್ರೆ ಹಿಡಿದು ನಿಂತ ಹಿಲ್ಚೆ ಅವನಿಗೆ ಕಂಡಳು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. "ಬಾ, ಒಳಗೆ ಬಾ. ಸೂಪು ತಂದ್ಯಾ? ಒಳ್ಳೇದಾಯ್ತು" ಎಂದ.

ಹಿಲ್ಚೆ ಅವತ್ತು ಅಲ್ಲಿ ಹೇಗೆ ಕೂತಿದ್ದಳೋ, ಏನು ಮಾತಾಡಿದಳೋ ಅವಳಿಗೇ ಗೊತ್ತಿಲ್ಲ. ಅಲ್ಲಿಂದ ಮುಂದೆ ವಾರಕ್ಕೆ ಮೂರು ಸಲ ಹೋದಳು, ಸೂಪು ಒಯ್ದಳು, ಕಿಟಕಿ ಒರೆಸಿದಳು, ಡ್ಯೂಕೆಯ ಬಟ್ಟೆ ಇಸ್ತ್ರಿ ಮಾಡಿದಳು. ಊರವರು, "ನೆರೆಯವಳು ಅಂದ್ರೆ ಹೀಗಿರಬೇಕು ನೋಡಿ" ಎಂದರು. ಆ ಮಾತು ಕೇಳಿದಾಗ ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಡ್ಯೂಕೆಯ ಕೋಪವೂ ಇಳಿಯಲಿಲ್ಲ. ಗಂಡನಿಗೆ ಊಟ ಮಾಡಿಸುವಾಗ, ಮೈ ಒರೆಸುವಾಗ, ಎಲ್ಲ ಸೇವೆಯೂ ನಿಷ್ಠೆಯಿಂದ ಮಾಡುತ್ತಲೇ ಚುಚ್ಚುತ್ತಿದ್ದಳು. "ನಂಗೆ ಹೇಳೋಕೂ ನಿಂಗೆ ನಾಚಿಕೆ, ಅಲ್ವಾ? ಮೂವತ್ತಾರು ವರ್ಷ ಸಂಸಾರ ಮಾಡಿ ನಂಗೇ ಸುಳ್ಳು!" ಅವಳ ತಪ್ಪೇನಿದೆ? ಅವಳಿಗೆ ಫೈಲು ಹಾಗೆ ಹೇಳಿತ್ತು.

ಮಾರ್ಚ್ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ಡ್ಯೂಕೆ ಔಷಧಿ ಅಂಗಡಿಗೆ ಹೋಗಿದ್ದಳು. ಹಿಲ್ಚೆ ರಿಂಡರ್ಟನ ದಿಂಬು ಸರಿಮಾಡುತ್ತಾ ಕೇಳಿಯೇಬಿಟ್ಟಳು. "ನೀನು ಯಾಕೋ ಹೇಳಲ್ಲ? ಫೋನ್ ಮಾಡಿದ್ಯಲ್ಲ ನೀನು. ಎರಡು ಸಲ."

"ಮಾಡಿದ್ದೆ."

"ಮತ್ತೆ?"

ಅವನು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. ಈಗ ನಾಲ್ಕು ಮಾತಾಡಿದರೆ ಸುಸ್ತು. "ಈ ಊರಲ್ಲಿ ಇನ್ನೂ ಇಪ್ಪತ್ತು ವರ್ಷ ಬದುಕಬೇಕಾದೋಳು ನೀನು. ನಾನು ಬೇಸಿಗೆ ತನಕ ಬೈಸ್ಕೊಂಡ್ರೆ ಮುಗೀತು. ಅವಳಿಗೂ ಬಯ್ಯೋಕೆ ಯಾರಾದ್ರೂ ಬೇಕಲ್ಲ."

"ಅವಳು ನಿನ್ನ ಸುಳ್ಳ ಅಂತಾಳೆ, ರಿಂಡರ್ಟ್."

"ಅದೊಂದು ಕಷ್ಟ" ಎಂದ. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ. ಹಿಲ್ಚೆ ಅವನ ಬಾಯಿಂದ ಕಷ್ಟ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಗೆ ಓಡಿಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುದಿನ ಕ್ಲಿನಿಕ್ ಬಾಗಿಲು ತೆಗೆಯುವ ಮೊದಲು ಅವಳು ಡಾಕ್ಟರ ಕೋಣೆಗೆ ಹೋಗಿ ನಿಂತೇ ಎಲ್ಲವನ್ನೂ ಹೇಳಿದಳು. ಅಕ್ಟೋಬರ್, ನವೆಂಬರ್, ಚುಚ್ಚುಮದ್ದಿನ ಸಾಲು, ಪಿನ್ ಹೊಡೆದು ಕೊಟ್ಟ ಆರು ಹಾಳೆ. ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ನಿಮ್ಮೊಬ್ಬರದೇ ಅಲ್ಲ. ನಾನು ಅವತ್ತು ಒಂದು ತಾರೀಖು ಹೇಳಬೇಕಿತ್ತು. ಇಷ್ಟು ದಿನದಲ್ಲಿ ಕಡಿಮೆ ಆಗದಿದ್ರೆ ಫೋನೂ ಬೇಡ ಏನೂ ಬೇಡ, ನೇರ ಬಂದುಬಿಡಿ ಅಂತ. ಹೇಳಲಿಲ್ಲ. ಹೇಗಿದೆ ಅಂದೆ, ಪರವಾಗಿಲ್ಲ ಅಂದ್ರು. ನಾನೂ ಪರವಾಗಿಲ್ಲ ಅಂತ ಬರ್ಕೊಂಡೆ."

"ನೀವು ದಕ್ಷಿಣದವರು ಡಾಕ್ಟ್ರೇ. ನಿಮ್ಮೂರ ಕಡೆ ಹಲ್ಲು ನೋವಿಗೂ ಬೀದಿಗೆ ಕೇಳೋ ಹಾಗೆ ಕೂಗ್ತಾರೆ. ನಿಮಗೆ ಹೇಗೆ ಗೊತ್ತಾಗಬೇಕು? ನಾನು ಇಲ್ಲಿಯವಳು. ಅವನ ಜೊತೆ ಬೆಂಚಿನಲ್ಲಿ ಕೂತವಳು. ಅವನು ಏನು ಹೇಳಿದ ಅಂತ ಕೇಳಿದೆನೇ ಹೊರತು, ಅವನು ಫೋನ್ ಮಾಡಿದ ಅನ್ನೋದನ್ನೇ ನೋಡಲಿಲ್ಲ. ಮೂವತ್ತು ವರ್ಷದಲ್ಲಿ ಬೆರಳು ಜಜ್ಜಿದಾಗಲೂ ಫೋನ್ ಮಾಡದೋನು, ಮೂರು ತಿಂಗಳಲ್ಲಿ ಮೂರು ಸಲ ಮಾಡಿದ! ಅದಕ್ಕಿಂತ ಜೋರಾಗಿ ಒಬ್ಬ ಮನುಷ್ಯ ಹೇಗೆ ಕೂಗಬೇಕು ಹೇಳಿ?"

ಡಾಕ್ಟರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಅವರ ಮನೆಯವರಿಗೆ ಹೇಳೋಣ, ಹೇಳಲೇಬೇಕು. ಆದ್ರೆ ಮೊದಲು ವಕೀಲರನ್ನ ಒಂದು ಮಾತು ಕೇಳಿಬಿಡೋಣ, ಒಂದೆರಡು ವಾರ" ಎಂದರು.

"ಅವನ ಹತ್ರ ಎಷ್ಟು ಎರಡು ವಾರ ಇದೆ ಡಾಕ್ಟ್ರೇ?" ಎಂದು ಹಿಲ್ಚೆ ಕೋಟು ಹಾಕಿಕೊಂಡಳು. ಡಾಕ್ಟರ್ ಅವಳನ್ನು ತಡೆಯಲಿಲ್ಲ. ಫೋನ್ ಬಡಿದುಕೊಂಡಾಗ ಅವರೇ ಎತ್ತಿದರು.

ಡ್ಯೂಕೆ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಳು. ಹಿಲ್ಚೆ ಕೂರಲಿಲ್ಲ.

"ಅವನು ಫೋನ್ ಮಾಡಿದ್ದ. ಅಕ್ಟೋಬರಿನಲ್ಲಿ ಒಂದ್ಸಲ, ನವೆಂಬರಿನಲ್ಲಿ ಒಂದ್ಸಲ. ಎತ್ತಿದ್ದು ನಾನು. ಬರೆಯದೆ ಬಿಟ್ಟಿದ್ದೂ ನಾನು. ನೀನು ಫೈಲ್ ಕೇಳೋಕೆ ಬಂದಾಗ ಬಾಯಿ ಮುಚ್ಚಿಕೊಂಡಿದ್ದೂ ನಾನೇ."

ಡ್ಯೂಕೆಯ ಚಾಕು ನಿಂತಿತು. ಬಯ್ಯುತ್ತಾಳೆ, ಪಾತ್ರೆ ಎಸೆಯುತ್ತಾಳೆ ಎಂದು ಹಿಲ್ಚೆ ಕಾದಳು. ಹಾಗೆ ಮಾಡಿದ್ದರೆ ಒಳ್ಳೆಯದಿತ್ತು. ಡ್ಯೂಕೆ ಬಹಳ ಮೆಲ್ಲಗೆ ಕೇಳಿದಳು. "ಎಷ್ಟು ಗಂಟೆಗೆ?"

"ಎಂಟು ಗಂಟೆಗೆ. ಲೈನ್ ತೆರೆದ ತಕ್ಷಣ."

"ಅಂದ್ರೆ ಕಾದು ಕೂತು ಮಾಡಿದ್ದಾನೆ." ಅವಳು ಕುರ್ಚಿಯ ಮೇಲೆ ಕುಸಿದಳು. "ಆರು ವಾರ ಆಯ್ತಲ್ಲೇ. ಆರು ವಾರದಿಂದ ನಾನು ಅವನನ್ನ ಸುಳ್ಳ ಅಂತಿದ್ದೀನಿ. ಊಟ ಮಾಡಿಸ್ತಾ ಮಾಡಿಸ್ತಾ ಅಂದಿದ್ದೀನಿ. ನೀನು ಅಲ್ಲೇ ಪಕ್ಕದಲ್ಲಿ ನಿಂತು ನನ್ನ ಬಟ್ಟೆ ಇಸ್ತ್ರಿ ಮಾಡಿದ್ಯಲ್ಲೇ ಹಿಲ್ಚೆ!"

ಹಿಲ್ಚೆ ತಲೆ ತಗ್ಗಿಸಿದಳು. ಕ್ಷಮಿಸು ಎಂಬ ಮಾತು ಬಾಯಿಗೆ ಬಂದಿತ್ತು, ಅದನ್ನು ಕೇಳುವ ಮುಖ ತನಗಿಲ್ಲ ಎಂದು ನುಂಗಿಕೊಂಡಳು.

ಡ್ಯೂಕೆ ಎದ್ದು ನಡುಮನೆಗೆ ಹೋದಳು. ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಯಿತೋ ಹಿಲ್ಚೆಗೆ ಕೇಳಿಸಲಿಲ್ಲ. ಒಮ್ಮೆ ರಿಂಡರ್ಟ್ ಕೆಮ್ಮಿದ, ಆಮೇಲೆ ಡ್ಯೂಕೆ ಅತ್ತದ್ದು ಕೇಳಿಸಿತು, ಆಮೇಲೆ ಅವನ ಸಣ್ಣ ದನಿ ಬಹಳ ಹೊತ್ತು, ಅವನು ಮಾತಾಡಬಲ್ಲ ಎಂದು ಹಿಲ್ಚೆ ತಿಳಿದಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು. ಅವಳು ಹೆರೆದ ಆಲೂಗಡ್ಡೆಗೆ ನೀರು ಹಾಕಿ ಅಲ್ಲೇ ನಿಂತಿದ್ದಳು. ಹೋಗು ಎಂದು ಯಾರೂ ಹೇಳಿರಲಿಲ್ಲ.

ಡ್ಯೂಕೆ ಹೊರಗೆ ಬಂದಾಗ ಕೈಯಲ್ಲಿ ಒಂದು ಫಾರ್ಮ್ ಇತ್ತು. ಆಸ್ಪತ್ರೆಯ ಶುಶ್ರೂಷಕಿ ಒಂದು ತಿಂಗಳ ಹಿಂದೆಯೇ ಕೊಟ್ಟಿದ್ದ ದೂರಿನ ಫಾರ್ಮ್. ಫೈಲಿನಲ್ಲಿ ಏನೂ ಇಲ್ಲ, ಏನೆಂದು ದೂರುವುದು ಎಂದು ಡ್ಯೂಕೆ ಅದನ್ನು ಎತ್ತಿಟ್ಟಿದ್ದಳು.

"ಕೂತ್ಕೋ" ಎಂದಳು. "ನೀನೇ ಬರಿ. ದೂರು ಯಾರ ಮೇಲೆ ಅನ್ನೋ ಕಡೆ ಡಾಕ್ಟರ ಹೆಸರೂ ಬರಿ, ನಿನ್ನ ಹೆಸರೂ ಬರಿ."

ಹಿಲ್ಚೆ ಬರೆದಳು. ಇಂಥ ಫಾರ್ಮುಗಳನ್ನು ತುಂಬಿ ಅವಳಿಗೆ ಅಭ್ಯಾಸವಿತ್ತು. ದಿನಾಂಕ, ಸಮಯ, ಯಾರು ಏನು ಹೇಳಿದರು, ಯಾವುದನ್ನೂ ಬಿಡಲಿಲ್ಲ. "ಈ ಎರಡು ಕರೆಗಳನ್ನ ಅವನ ಫೈಲಿಗೂ ಸೇರಿಸಬೇಕು ಅಂತ ಕೇಳಬಹುದು ನೀನು. ಅವನ ಮಾತಲ್ಲೇ. ಕೇಳಿದ್ರೆ ಸೇರಿಸಲೇಬೇಕು" ಎಂದಳು. ಡ್ಯೂಕೆ ತಲೆಯಾಡಿಸಿದಳು. ಅದನ್ನೂ ಬರೆದಳು.

ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. ಈ ದೂರಿನಿಂದ ನಿಮಗೆ ಏನಾಗಬೇಕು? ಕೆಳಗೆ ನಾಲ್ಕು ಚೌಕ. ವಿವರಣೆ, ಕ್ಷಮೆ, ಪರಿಹಾರ, ಇನ್ನೊಬ್ಬರಿಗೆ ಹೀಗಾಗದಿರಲಿ. ಹಿಲ್ಚೆ ಓದಿ ಹೇಳಿದಳು.

"ಆರು ವಾರ ವಾಪಸ್ ಬೇಕು ಅನ್ನೋದಕ್ಕೆ ಚೌಕ ಇಲ್ವಾ?"

ಹಿಲ್ಚೆಗೆ ಕಾಗದ ಮಂಜಾಯಿತು. "ಇಲ್ಲ, ಡ್ಯೂಕೆ."

"ಹಂಗಾದ್ರೆ ಕೆಳಗೆ ಜಾಗ ಇದೆಯಲ್ಲ, ಅಲ್ಲಿ ಬರಿ. ನನ್ನ ಗಂಡ ಎರಡು ಸಲ ಫೋನ್ ಮಾಡಿದ್ದ. ನಾನು ಅವನ ಮಾತು ನಂಬಲಿಲ್ಲ."

"ಅದು ದೂರಿಗೆ ಬೇಡ ಕಣೇ. ಅದು ನಿನ್ನ ತಪ್ಪಲ್ಲ, ನನ್ನದು."

"ಬರಿ ಅಂದೆ."

ಹಿಲ್ಚೆ ಬರೆದಳು.